ಬರೆದುಕೊಡಿ

ಬಲಗೈ ಮುರಿದುಕೊಂಡು ಸರ್ಕಾರಿ ಆಸ್ಪತ್ರೆ ಸೇರಿದ್ದ ಜವರಮ್ಮನಿಗೆ ನೋವಿನ ಇಂಜೆಕ್ಷನ್ನಿಗಾಗಿ ಬೆಳಗ್ಗೆಯಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಕೊನೆಗೆ ರೇಗಿಹೋಗಿ, ಪಟ್ಟಿ ಸುತ್ತಿದ ಕೈಯನ್ನು ಎದೆಗವಚಿಕೊಂಡು, ನರ್ಸಿನ ಮೇಜಿನ ಮುಂದೆಯೇ ಹೋಗಿ ನಿಂತಳು.

“ದೂರಿದ್ರೆ ದೊಡ್ಡ ಡಾಕ್ಟರಿಗೆ ಬರೆದುಕೊಡಿ ಅಜ್ಜಿ,” ಅಂದಳು ನರ್ಸು, ತಲೆ ಎತ್ತದೆ.

“ಮುರಿದ ಕೈಲಿ ಹೆಂಗವ್ವ ಬರೀಲಿ? ನೀನೇ ಬರಿ. ಮೊದಲ್ನೇ ದೂರು ನಿನ್ ಮ್ಯಾಲೇಯ.”

ನರ್ಸು ಹಾಳೆ ಎಳೆದುಕೊಂಡಳು. ಕರೆದರೆ ಬರುವುದಿಲ್ಲ, ಬಂದರೆ ಸಿಡುಕುತ್ತಾಳೆ, ಇಂಜೆಕ್ಷನ್ ಕೇಳಿದರೆ ಆಮೇಲೆ ಅನ್ನುತ್ತಾಳೆ ಎಂದು ಜವರಮ್ಮ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದಳು. ಜವರಮ್ಮನ ಮಾತು ಮುಗಿದರೂ ಪೆನ್ನು ಮಾತ್ರ ನಿಲ್ಲಲಿಲ್ಲ. ಹಾಳೆ ಮಗುಚಿಕೊಂಡು ಹಿಂಬದಿಗೂ ಹೋಯಿತು.

ಜವರಮ್ಮನಿಗೆ ದಿಗಿಲಾಯಿತು. “ನಾ ಯೋಳಿದ್ದು ಮೂರೇ ಮಾತು ಕಣವ್ವ. ಅದೇನು ಅಷ್ಟುದ್ದ ಬರೀತಾ ಇದ್ದೀಯೆ?”

“ನಿಮ್ದು ಆಗ್ಲೇ ಮುಗೀತು ಅಜ್ಜಿ. ಅರವತ್ತು ಮಂಚಕ್ಕೆ ಒಬ್ಬಳೇ ನರ್ಸು, ರಜೆ ಇಲ್ಲ, ಇಂಜೆಕ್ಷನ್ ಖಾಲಿಯಾಗಿ ನಾಲ್ಕು ದಿನ ಆಯ್ತು, ಇದೆಲ್ಲ ನನ್ನ ದೂರು.” ನರ್ಸು ಇಂಕ್ ಪ್ಯಾಡನ್ನು ಮುಂದಕ್ಕೆ ತಳ್ಳಿದಳು. “ನಾವು ಬರೆದ್ರೆ ಎತ್ತಂಗಡಿ ಮಾಡ್ತಾರೆ. ನೀವು ಎಡಗೈ ಹೆಬ್ಬೆಟ್ಟು ಒತ್ತಿ.”