ಗುಲಾಬಿ ನೀರಿಗೆ ಆಗದ್ದು

“ನಿಜ ಹೇಳ್ರಿ ಜೋಹರಾಬಿ, ಇದನ್ನ ಹಚ್ಚಿದ್ರ ಕುಣಿ ತುಂಬ್ತಾವೇನು?” ೧೯೪೨ರ ಬೇಸಿಗೆಯ ಮಧ್ಯಾಹ್ನ, ಗಂಗಾವತಿಯ ಅತ್ತರಿನ ಅಂಗಡಿಯಲ್ಲಿ ಹುಲಗೆಮ್ಮ ಸೆರಗು ಸರಿಸಿ ಕೆನ್ನೆಯ ಕಲೆಗಳನ್ನು ತೋರಿಸಿದಳು. ಸಿಡುಬು ವಾಸಿಯಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಅವಳು ಇಲ್ಲಿಂದ ಗುಲಾಬಿ ನೀರು ಒಯ್ಯುತ್ತಿದ್ದಳು. ಮೊದಲು ಮುಖ ಸರಿಯಾಗಲಿ ಎಂದು, ಹೆಣ್ಣು ನೋಡಲು ಬರುತ್ತೇವೆಂದ ತಳಕಲ್ಲು ಊರಿನವರನ್ನು ತಡೆಯುತ್ತಲೇ ಬಂದಿದ್ದಳು.

ಕುಣಿ ತುಂಬುತ್ತವೆ ಎಂದು ಪ್ರತಿಸಲ ಹೇಳಿದವಳು ಜೋಹರಾಬಿಯ ಅತ್ತೆ ಲಾಲಬೀ. ಈಗಲೂ ಆಕೆ ಒಳಗೆ ಗುಲಾಬಿಯ ಎಸಳು ಬಿಡಿಸುತ್ತ ಕೂತಿದ್ದಳು. ಪ್ರಶ್ನೆ ಕೇಳಿ ಅವಳ ಕೈ ನಿಂತದ್ದು ಸೊಸೆಗೆ ಕಾಣಿಸಿತು. ಆದರೂ ಜೋಹರಾಬಿ ಕೊಡಲೆಂದು ಎತ್ತಿಕೊಂಡಿದ್ದ ಗುಲಾಬಿ ನೀರಿನ ಶೀಶೆಯನ್ನು ಕೆಳಗಿಟ್ಟಳು.

“ಇದರಾಗ ಗುಲಾಬಿ ಐತಿ, ಉರಿ ಆರಿಸ್ತೈತಿ. ಚೂರು ಪಟಿಕ ಐತಿ, ಜಿಡ್ಡು ತೆಗೆದು ಚರ್ಮ ಬಿಗಿ ಮಾಡ್ತೈತಿ. ಮೊಡವಿಗೆ ಛಲೋ. ಆದ್ರ ಸಿಡುಬಿನ ಕುಣಿ ತುಂಬೂದಿಲ್ಲ ತಂಗಿ. ಯಾವ ನೀರಿಗೂ ಅದು ಆಗೂದಿಲ್ಲ.”

ಲಾಲಬೀ ಮತ್ತೆ ಎಸಳು ಬಿಡಿಸತೊಡಗಿದಳು. ಹುಲಗೆಮ್ಮ ಅಳುತ್ತಾಳೆ ಎಂದುಕೊಂಡಿದ್ದಳು ಜೋಹರಾಬಿ. ಅವಳು ಅಳಲಿಲ್ಲ. ಆ ಶೀಶೆಯಿಂದ ಅಂಗೈಗೆ ಒಂದಿಷ್ಟು ನೀರು ಸುರಿದುಕೊಂಡು, ಬಿಸಿಲಿಗೆ ಕಾದ ಮುಖಕ್ಕೆ ನಿಧಾನವಾಗಿ ಹಚ್ಚಿಕೊಂಡಳು.

“ತಂಪಂತೂ ಭಾಳ ಐತ್ರಿ. ಒಂದು ಶೀಶೆ ಕೊಡ್ರಿ” ಅಂದಳು. ಆಮೇಲೆ ಹೊರಗೆ ಬಂಡಿಯ ಬಳಿ ನಿಂತಿದ್ದ ತಂದೆ ತಿಮ್ಮಣ್ಣನತ್ತ ತಿರುಗಿ ಕೂಗಿದಳು: “ಅಪ್ಪಾ, ತಳಕಲ್ಲಿನವರಿಗೆ ಈ ಸೋಮವಾರ ಬರಾಕ ಹೇಳು.”