ಹನ್ನೆರಡು ಅಂಕಿಗಳು

ಚಾಕುವಿನ ತಣ್ಣನೆಯ ಅಲಗು ವಾರಿಜಾಕ್ಷಿಯ ಕುತ್ತಿಗೆಗೆ ತಾಗಿಕೊಂಡೇ ಇತ್ತು. ಎದುರಿಗೆ ಶಾಲೆಯ ತಿಜೋರಿ, ಅದರೊಳಗೆ ನಾಳಿನ ಪ್ರಶ್ನೆಪತ್ರಿಕೆ.

“ಬೇಗ ನಂಬರ್ ಹೇಳಿ ಮೇಡಂ,” ಎಂದ ಮುಸುಕಿನವನು.

ಹನ್ನೆರಡು ಅಂಕಿಯ ಆ ಸಂಖ್ಯೆಯನ್ನು ಇಟ್ಟವಳು ಅವಳೇ. ನೆನಪು ಕೈಕೊಟ್ಟರೆ ತಪ್ಪು ಗೊತ್ತಾಗಲೆಂದು, ಒಂಬತ್ತರಿಂದಲೂ ಹನ್ನೊಂದರಿಂದಲೂ ಭಾಗವಾಗುವಂಥದ್ದನ್ನೇ ಆರಿಸಿದ್ದಳು. ತಪ್ಪು ಸಂಖ್ಯೆ ಒತ್ತಿದರೆ ಪೊಲೀಸ್ ಠಾಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಒಂದೊಂದೇ ಅಂಕಿ ಹೇಳುತ್ತಾ ಹೋದಳು. ಕೊನೆಯ ಏಳು, ಮೂರನ್ನು ಮಾತ್ರ ಮೂರು, ಏಳು ಎಂದಳು.

ಅವನು ಒತ್ತಲಿಲ್ಲ. ಚಾಕು ಹಿಡಿದೇ ಇನ್ನೊಂದು ಕೈಯಲ್ಲಿ ಸೀಮೆಸುಣ್ಣ ಎತ್ತಿಕೊಂಡು, ತಿಜೋರಿಯ ಬಾಗಿಲ ಮೇಲೆ ಅಂಕಿಗಳನ್ನು ಬರೆದು ಕೂಡತೊಡಗಿದ. ಈ ಲೆಕ್ಕ ಇವನಿಗೆ ಹೇಗೆ ಗೊತ್ತು?

“ಐವತ್ನಾಲ್ಕು. ಒಂಬತ್ತರಲ್ಲಿ ಸರಿಯಾಗಿ ಹೋಗುತ್ತೆ.”

ಅಂಕಿಗಳ ಜಾಗ ಬದಲಾದರೂ ಮೊತ್ತ ಬದಲಾಗುವುದಿಲ್ಲವಲ್ಲ! ಅವಳಿಗೆ ಹೋದ ಜೀವ ಬಂದಂತಾಯಿತು.

“ಸರಿ ಇದೆಯಲ್ಲಪ್ಪಾ, ಒತ್ತು. ನನ್ನ ಬಿಟ್ಬಿಡು.”

ಅವನು ಸೀಮೆಸುಣ್ಣ ಕೆಳಗಿಡಲಿಲ್ಲ.

“ತಾಳಿ. ಗುಟ್ಟಿನ ನಂಬರ್ ಒಂಬತ್ತರಲ್ಲೂ ಹನ್ನೊಂದರಲ್ಲೂ ಹೋಗೋ ಹಾಗಿಡಬೇಕು, ಅಂಕಿ ಅದಲುಬದಲಾಗಿದ್ರೆ ಹನ್ನೊಂದರಲ್ಲಿ ಸಿಕ್ಕಿಬೀಳುತ್ತೆ ಅಂತ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದು, ಟೀಚರ್.”