ಅತ್ತೆ ಉಂಡ ಮೊಸರನ್ನ

ಮರುದಿನ ಬೆಳಗಾವಿಯಿಂದ ಧಾರವಾಡದವರೆಗೆ ಓಟವಿತ್ತು. ಅಂಜಿಕೆಗೆ ನೀಲಾಂಬಿಕೆಯ ಗಂಟಲಲ್ಲಿ ತುತ್ತು ಇಳಿಯಲೊಲ್ಲದು. ಇಂಥ ಹೊತ್ತಿಗೆಂದೇ ಮನೆಮನೆಯಲ್ಲೂ ಜೋಡಿಪಟ್ಟಿ ಇರುತ್ತದೆ. ಇಬ್ಬರು ಮುಂಗೈಗೆ ಕಟ್ಟಿಕೊಂಡರೆ ಒಬ್ಬರು ಉಂಡದ್ದು ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ರುಚಿ ಮಾತ್ರ ಉಂಡವರಿಗೇ. ಆದರೆ ಅವಳಿಗಾಗಿ ಉಣ್ಣಬೇಕಿದ್ದ ಗಂಡ ಜ್ವರ ಬಂದು ಮಲಗಿದ್ದ.

"ನನಗ ಕಟ್ಟು," ಎಂದು ಅತ್ತೆ ಪಾರ್ವತೆವ್ವ ಕೈಯೊಡ್ಡಿದಳು. ಸೊಸೆ ರಸ್ತೆಯಲ್ಲಿ ಓಡುವುದು ಅವಳಿಗೆ ಎಂದೂ ಹಿಡಿಸಿರಲಿಲ್ಲ.

"ಅತ್ತಿ, ಬರೇ ಮೊಸರನ್ನ ಉಣ್ಣಬೇಕ್ರಿ. ಖಾರ ತಿಂದ್ರ ನಾಳೆ ಹಾದ್ಯಾಗ ನನ್ನ ಹೊಟ್ಟಿ ಉರಿತೈತ್ರಿ."

ಖಾರವಿಲ್ಲದೆ ಒಂದು ದಿನವೂ ಉಣ್ಣದ ಪಾರ್ವತೆವ್ವ ಚಟ್ನಿಯ ಭರಣಿಯನ್ನು ದೂರ ಸರಿಸಿದಳು. ಮೊದಲ ತುತ್ತಿಗೇ ಮುಖ ಕಿವಿಚಿದಳು, ಆದರೂ ಉಂಡಳು. ಮೂರನೆಯ ತಟ್ಟೆಯ ಹೊತ್ತಿಗೆ, ಏನೂ ತಿನ್ನದ ನೀಲಾಂಬಿಕೆ ಜೋರಾಗಿ ತೇಗಿದಳು.

"ಸಾಕ್ರಿ ಅತ್ತಿ, ಹೊಟ್ಟಿ ತುಂಬೇತ್ರಿ."

"ಸುಮ್ನಿರು. ಧಾರವಾಡ ಏನ್ ಬಾಜೂಕ ಐತೇನು?" ಎಂದು ಅತ್ತೆ ಇನ್ನೊಂದು ಸೌಟು ಬಡಿಸಿಕೊಂಡಳು.

ಮರುದಿನ ಸಂಜೆ ನೀಲಾಂಬಿಕೆ ಎಲ್ಲರಿಗಿಂತ ಕೊನೆಗೆ ಧಾರವಾಡ ಮುಟ್ಟಿದಳು. ಓಟ ಮುಗಿಯುವ ಗೆರೆಯ ಬಳಿ ನಿಂತಿದ್ದ ಪಾರ್ವತೆವ್ವ ಗುರುತಿಲ್ಲದವರನ್ನೂ ತಡೆದು ತಡೆದು ಹೇಳುತ್ತಿದ್ದಳು: "ಆಕಿ ನನ್ನ ಸೊಸಿ. ನಾ ಉಂಡೇನಿ, ಆಕಿ ಓಡ್ಯಾಳ."